ಎರಡು ಸೆಕೆಂಡಿನ ಕರೆ

ಚಿಕ್ಕಬೀರಯ್ಯ ಮಾವನಿಗೆ, ನಿನ್ನ ಅಕ್ಕನ ಮಗಳು ಶಾಂತಲಾ ಮಾಡುವ ನಮಸ್ಕಾರ.

ನೀನು ಹೋಗಿ ನಲವತ್ತು ದಿನವಾಯಿತು. ಈ ಕಾಗದ ನಿನ್ನನ್ನು ಮುಟ್ಟುವುದಿಲ್ಲ, ಗೊತ್ತು. ಆದರೂ ತಪ್ಪು ಮಾಡಿದವಳು ನಿನಗೇ ಹೇಳಬೇಕಲ್ಲ.

ಪಿರಿಯಾಪಟ್ಟಣದ ಹಾಸ್ಟೆಲಿನಿಂದ ನಾನು ಮಿಸ್ ಕಾಲ್ ಕೊಟ್ಟರೆ ನೀನು ಹೊಗೆಸೊಪ್ಪಿನ ಹೊಲದಲ್ಲಿದ್ದರೂ ಕೈ ಒರೆಸಿಕೊಂಡು ವಾಪಸ್ ಮಾಡುತ್ತಿದ್ದೆ. "ಒಂದು ರಿಂಗ್ ಕೊಡು ಸಾಕು ಕಣವ್ವ, ನಾನೇ ಮಾಡ್ತೀನಿ" ಎಂದು ಕಲಿಸಿದವನೇ ನೀನು.

ಆಮೇಲೆ ಹುಣಸೂರಿನ ಆನೆ ಸಹಾಯವಾಣಿಯಲ್ಲಿ ಕೆಲಸ ಸಿಕ್ಕಿತು. ದಾರಿಯಲ್ಲಿ ಆನೆ ಇದೆಯೇ ಎಂದು ಕಾಡಂಚಿನ ಜನ ಕೇಳುತ್ತಾರೆ. ಅಲ್ಲಿಗೆ ಬರುವ ಪ್ರತಿ ಕರೆಯೂ ಇಂಟರ್‌ನೆಟ್ ಮೂಲಕ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಅರ್ಧ ಗಂಟೆಗೊಮ್ಮೆ ಅದರಿಂದ ವರದಿ ಬರುವಂತೆ ಮಾಡಿದವಳು ನಾನು. ನಾವು ಎತ್ತದೇ ಹೋದ ಕರೆಗಳಿಗೆ ಆ ಪಟ್ಟಿ ನೋಡಿಯೇ ವಾಪಸ್ ಮಾಡುವುದು. ಪಟ್ಟಿ ಉದ್ದವಾಯಿತೆಂದು, ಐದು ಸೆಕೆಂಡೂ ರಿಂಗಾಗದ ಕರೆಗಳನ್ನು ಕೈತಪ್ಪಿ ಬಂದವೆಂದು ಪಟ್ಟಿಯಿಂದ ಬಿಡುವ ನಿಯಮ ಹಾಕಿಬಿಟ್ಟೆ. ವರದಿ ಎಷ್ಟು ಅಚ್ಚುಕಟ್ಟು ಎಂದು ಬೀಗಿದೆ ಕೂಡ. ಹತ್ತಿದ ಏಣಿಯನ್ನೇ ಒದ್ದೆ ಮಾವ.

ಆ ಮುಂಜಾನೆ ವೀರನಹೊಸಹಳ್ಳಿಯಿಂದ ನೀನು ನಮ್ಮ ಸಹಾಯವಾಣಿಗೆ ಮೂರು ಸಲ ಮಿಸ್ ಕಾಲ್ ಕೊಟ್ಟಿದ್ದೆ. ಮೂರೂ ಎರಡೆರಡು ಸೆಕೆಂಡು. ಆರು ಗಂಟೆಯ ವರದಿಯಲ್ಲಿ ಬಾಕಿ ಕರೆ ಸೊನ್ನೆ ಎಂದಿತ್ತು. "ಅವ್ರು ಮಾಡ್ನಿಲ್ಲ ಅಂದ್ಮೇಲೆ ದಾರೀಲಿ ಏನೂ ಇಲ್ಲ ಬುಡು" ಎಂದು ಅತ್ತೆಗೆ ಹೇಳಿ, ಫೋನು ಮನೆಯಲ್ಲೇ ಬಿಟ್ಟು, ಹಾಲಿನ ಕ್ಯಾನು ಹಿಡಿದು ಹೊರಟೆಯಂತೆ. ಕೆರೆ ಏರಿಯ ತಿರುವಿನಲ್ಲಿ ಆನೆ ನಿಂತಿತ್ತು. ಅದು ಅಲ್ಲಿದೆಯೆಂದು ಐದೂವರೆಗೇ ನಮಗೆ ಸುದ್ದಿ ಬಂದಿತ್ತು.

ಎಲ್ಲರೂ ಹಣೆಬರಹ ಎಂದರು. ತಿಥಿಯ ದಿನ ಅತ್ತೆ ನನ್ನ ಎಲೆಗೆ ಕಜ್ಜಾಯ ಬಡಿಸುವಾಗಲೂ ನಾನು ಬಾಯಿ ಬಿಡಲಿಲ್ಲ. ಮಾರನೆಯ ದಿನ ಹೋಗಿ ಆ ನಿಯಮವನ್ನಷ್ಟೇ ಕಿತ್ತುಹಾಕಿದೆ.

ಇವತ್ತು ಬೆಳಗಿನ ಪಟ್ಟಿಯಲ್ಲಿ ನಿನ್ನ ನಂಬರು ಬಂತು. ಎರಡು ಸೆಕೆಂಡು. ತಕ್ಷಣ ವಾಪಸ್ ಮಾಡಿದೆ. ಎತ್ತಿದ್ದು ಅತ್ತೆ; ಈಗ ಡೈರಿಗೆ ಹಾಲು ಒಯ್ಯುವವಳು ಅವಳೇ. ಆನೆ ಇಲ್ಲ, ಹೋಗು ಎಂದೆ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಕೊಟ್ಟಿಗೆಯಲ್ಲಿ ಕರು ಕೂಗುವುದು ಕೇಳುತ್ತಿತ್ತು.

"ನಾಳೀಕೂ ರಿಂಗ್ ಕೊಡ್ತೀನಿ ಕಣವ್ವ," ಎಂದಳು ಕೊನೆಗೆ. "ನೀನೇ ಮಾಡ್ಬೇಕು."

ಕ್ಷಮಿಸಿದಳೋ ಇಲ್ಲವೋ ಕೇಳಲಿಲ್ಲ. ನಾಳೆ ಐದಕ್ಕೇ ಬಂದು ಕೂರುತ್ತೇನೆ. ಅವಳು ನಡೆಯುವ ದಾರಿಗೆ ನಿನ್ನ ಕಾವಲಿರಲಿ ಮಾವ. ವಾಪಸ್ ಮಾಡುವ ಕೆಲಸ ಇನ್ನು ನನ್ನದು.

ನಿನ್ನ ಒಂದು ರಿಂಗಿನ ಹುಡುಗಿ,
ಶಾಂತಲಾ