ಮಾಸ್ತಮ್ಮನ ಗದ್ದೆಯ ರಿಪೋರ್ಟು

ಜನವರಿ 8, ಬುಧವಾರ

ಇವತ್ತೂ ಇಪ್ಪತ್ತೆರಡು ಸ್ಯಾಂಪಲ್. ಒಣಗಿಸು, ಜರಡಿ ಹಿಡಿ, ಟೆಸ್ಟ್ ಮಾಡು, ಕಾರ್ಡ್ ಪ್ರಿಂಟ್ ತೆಗೆ. ಭದ್ರಾವತಿಯಿಂದ ಶಿವಮೊಗ್ಗದ ಈ ಮಣ್ಣಿನ ಲ್ಯಾಬಿಗೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಓಡಾಡಿದ್ದಾಯಿತು. ಇನ್ನು ಐದೇ ತಿಂಗಳು, ರಿಟೈರ್ಡು.

ಮಧ್ಯಾಹ್ನ ಹೊಳೆಹೊನ್ನೂರು ಕಡೆಯ ಹೆಂಗಸೊಬ್ಬಳು ಬಂದಳು. ಮಾಸ್ತಮ್ಮ. ಮೂರು ವರ್ಷದ ಹಿಂದೆ ನಾನೇ ಸೈನ್ ಹಾಕಿದ ಕಾರ್ಡ್ ಕೈಯಲ್ಲಿ. ಲ್ಯಾಮಿನೇಷನ್ ಬೇರೆ ಮಾಡಿಸಿದ್ದಾಳೆ!

“ಎಲ್ಲಾ ಸಾಕಷ್ಟು ಐತೆ ಅಂತ ಬರ್ದಿದೀರಲ್ಲ ಸಾರ್... ಮತ್ತೆ ನನ್ನ ಗದ್ದೇಲಿ ಭತ್ತ ಯಾಕೆ ಕೆಂಪಗಾಗಿ ಕೂತ್ಬಿಡುತ್ತೆ?”

ಮಣ್ಣು ಎಲ್ಲಿಂದ ತೆಗೆದಿದ್ದಿರಿ ಎಂದೆ.

“ತಿಪ್ಪೆ ಪಕ್ಕದಿಂದ. ಆಫೀಸಿಗೆ ಕೊಡೋದು ಅಂದ್ಮೇಲೆ ಒಳ್ಳೇ ಮಣ್ಣೇ ತರ್ಬೇಕಲ್ವಾ? ಕಸ ಕಡ್ಡಿ ಆರಿಸಿ, ಹೊಸ ಬಟ್ಟೇಲಿ ಕಟ್ಕೊಂಡು ಬಂದಿದ್ದೆ.”

ಅಯ್ಯೋ ದೇವರೇ! ನಗಬೇಕೋ ಅಳಬೇಕೋ. ನಾನು ಟೆಸ್ಟ್ ಮಾಡಿದ್ದು ಅವಳ ತಿಪ್ಪೆಯನ್ನು. ಎಷ್ಟು ಜನ ಹೀಗೆ ಮರ್ಯಾದೆಗೆಂದು ಒಳ್ಳೇ ಮಣ್ಣು ತಂದುಕೊಟ್ಟಿದ್ದಾರೋ... ಒಬ್ಬರನ್ನಾದರೂ ಕೇಳಿದ್ದೆನಾ? ಇಲ್ಲ.

ಈಗ ಇಟ್ಟಿಗೆ ಗೂಡಿನವರು ಅವಳ ಗದ್ದೆಯ ಮೇಲ್ಮಣ್ಣು ಕೇಳುತ್ತಿದ್ದಾರಂತೆ. “ನೀವು ಗದ್ದೆ ಉಳಿಯುತ್ತೆ ಅಂದ್ರೆ ನಾನು ಕೊಡಲ್ಲ ಸಾರ್.” ನಾನೇ ಬಂದು ನೋಡುತ್ತೇನೆ ಎಂದುಬಿಟ್ಟೆ. ಯಾಕೆ ಅಂದೆನೋ!

ಜನವರಿ 19, ಭಾನುವಾರ, ಸಂಜೆ 6

ಹೋಗಿ ಬಂದೆ. ಮಾಸ್ತಮ್ಮನ ಸಂಘದ ಹೆಂಗಸರೂ ಸೇರಿದ್ದರು. ಬದುವಿನ ಹತ್ತಿರ ಬೇಡ, ಮರದ ಕೆಳಗೆ ಬೇಡ, ತಿಪ್ಪೆಯಂತೂ ಬೇಡವೇ ಬೇಡ. ಹತ್ತು ಕಡೆ ಗೇಣುದ್ದ ಗುಂಡಿ ತೋಡಿ, ಪಕ್ಕದಿಂದ ಕೆರೆದು, ಎಲ್ಲ ಬೆರೆಸಿ, ಅದರಲ್ಲಿ ಒಂದು ಹಿಡಿ. ಮಂಡಿಯೂರಿ ತೋರಿಸಿದೆ. ಪ್ಯಾಂಟೆಲ್ಲ ಮಣ್ಣು.

ಪಕ್ಕದ ಗದ್ದೆಯ ಪದ್ಮಮ್ಮ, ಬಾಯಿ ಜೋರು, ಸೊಂಟದ ಮೇಲೆ ಕೈಯಿಟ್ಟು, “ಇಷ್ಟೇನಾ ಮಾರಾಯ್ರೇ! ಇದನ್ನ ಮೊದ್ಲೇ ಹೇಳೋಕೆ ನಿಮಗೇನಾಗಿತ್ತು ಧಾಡಿ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚುಚ್ಚಿತು.

ಆದರೆ ಎಂಥಾ ಖುಷಿ! ಅವರಿಗೆ ಅರ್ಥವಾದದ್ದು ಮುಖದಲ್ಲೇ ಕಾಣುತ್ತದೆ. ಮೂವತ್ತೊಂದು ವರ್ಷ ಇದನ್ನು ಬಿಟ್ಟು ಏನು ಮಾಡುತ್ತಿದ್ದೆ? ಮನೆಯಲ್ಲಿ ಸುಭದ್ರೆ ಪ್ಯಾಂಟ್ ನೋಡಿ, “ಏನ್ರೀ, ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಮುಂಚೆನೇ ಶುರುವಾಯ್ತಾ?” ಎಂದಳು.

ಜನವರಿ 28

ಮಾಸ್ತಮ್ಮನ ರಿಪೋರ್ಟ್ ಬಂತು. ಸತು ಕಡಿಮೆ, ಅಷ್ಟೇ! ನಾಟಿಗೆ ಮೊದಲು ಸ್ವಲ್ಪ ಜಿಂಕ್ ಹಾಕಿದರೆ ಮುಗಿಯಿತು. ಫೋನ್ ಎತ್ತಿದೆ... ಇಟ್ಟೆ. ಫೋನಿನಲ್ಲಿ ಹೇಳಿದರೆ ಏನು ಚೆಂದ? ಗದ್ದೆಯಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಹೇಳಬೇಕು.

ಫೆಬ್ರವರಿ 2, ಭಾನುವಾರ

ಮಣ್ಣು ತೆಗೆಯುವುದನ್ನು ನಮಗೂ ತೋರಿಸಿ ಎಂದು ಕುಂಸಿಯ ರೈತರಿಂದ ಕರೆ ಬಂತು, ಅಲ್ಲಿಗೆ ಹೋದೆ. ನಲವತ್ತು ಜನ, ಮೈಕು, ಶಾಲು. ತಿಪ್ಪೆ ಮಣ್ಣಿನ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ಮಾಸ್ತಮ್ಮನದು ಎರಡು ಮಿಸ್ಡ್ ಕಾಲ್.

ಫೆಬ್ರವರಿ 9, ಭಾನುವಾರ

ಇವತ್ತು ಶಂಕರಘಟ್ಟದ ಹುಡುಗರಿಗೆ ಪಾಠ. ನಡುವೆ ಮಾಸ್ತಮ್ಮನ ಫೋನ್. “ರಿಪೋರ್ಟ್ ಬಂತಾ ಸಾರ್? ಗೂಡಿನವರು ದಿನಾ ಬಂದು ಕೂರ್ತಾರೆ.”

“ಬಂದಿದೆಯಮ್ಮ. ಫೋನಲ್ಲಿ ಬೇಡ, ಮುಂದಿನ ಭಾನುವಾರ ನಾನೇ ಬಂದು ಹೇಳ್ತೀನಿ.”

“ಫೋನಲ್ಲಿ ಬೇಡ್ವಾ ಸಾರ್?” ಎಂದಳು. ಆಮೇಲೆ, “ಆಯ್ತು ಸಾರ್.”

ಫೆಬ್ರವರಿ 16

ಗದ್ದೆ ಇಲ್ಲ. ಮೊಣಕಾಲುದ್ದ ಕೆತ್ತಿಕೊಂಡು ಹೋಗಿದ್ದಾರೆ. ಕೆಳಗೆ ಬರೀ ಬಿಳಿ ಗರಸು ಮಣ್ಣು. ಜೆಸಿಬಿ ಗುರುತು.

“ನೀವು ಫೋನಲ್ಲಿ ಬೇಡ ಅಂದ್ರಲ್ಲ ಸಾರ್. ಸಾವಿನ ಸುದ್ದೀನೂ ಹಂಗೇ ಅಲ್ವಾ... ಫೋನಲ್ಲಿ ಹೇಳಲ್ಲ, ಬಂದು ಹೇಳ್ತಾರೆ. ಗದ್ದೆ ಕತೆ ಮುಗೀತು ಅಂತ ಗೊತ್ತಾಯ್ತು. ಕೊಟ್ಬಿಟ್ಟೆ.” ಕಾಫಿ ಕೊಟ್ಟಳು. ರಿಪೋರ್ಟ್ ನನ್ನ ಬ್ಯಾಗಿನಲ್ಲೇ ಇತ್ತು.

“ಅದ್ರಲ್ಲಿ ಹಂಗೇ ಇತ್ತಾ ಸಾರ್?”

ಹೌದಮ್ಮ, ಏನೂ ಉಳಿದಿರಲಿಲ್ಲ ಎಂದೆ. ಪಾಪಿ ನಾನು.

ಫೆಬ್ರವರಿ 21, ಬೆಳಿಗ್ಗೆ

ಐದು ದಿನ ಪೆನ್ ಹಿಡಿಯಲಿಲ್ಲ. ಎರಡು ಕಡೆ ಕರೆದಿದ್ದರು, ಜ್ವರ ಎಂದೆ.

ಈಗ ಪದ್ಮಮ್ಮನ ಫೋನ್. “ಕೆಂಪಾಗೋ ಗದ್ದೇಲಿ ಏನೂ ಉಳಿದಿಲ್ಲ ಅಂತ ಮಾಸ್ತಮ್ಮಂಗೆ ಹೇಳಿದ್ರಂತಲ್ಲ? ನಂದೂ ಕೆಂಪಾಗುತ್ತೆ ಮಾರಾಯ್ರೇ. ನಾಳೆ ನಾನೂ ಗೂಡಿನವರಿಗೆ ಕೊಟ್ಬಿಡ್ತೀನಿ.”

ಬೇಡ, ಕೊಡಬೇಡಿ ಎಂದು ಕಿರುಚಿದೆ. ಯಾಕೆ ಅಂದಳು. ಹೇಳಲೇಬೇಕಾಯಿತು. ಸತು ಕಡಿಮೆಯಾದರೂ ಹಾಗೇ ಕೆಂಪಾಗುತ್ತದೆ, ಸ್ವಲ್ಪ ಜಿಂಕ್ ಸಾಕು, ನಿಮ್ಮ ಮಣ್ಣನ್ನೂ ತಂದುಕೊಡಿ, ರಿಪೋರ್ಟ್ ಬಂದ ದಿನವೇ... ಫೋನಿನಲ್ಲೇ ಹೇಳುತ್ತೇನೆ. ಮಾಸ್ತಮ್ಮನದೂ ಅಷ್ಟೇ ಇತ್ತು.

ಆ ಕಡೆ ಸ್ಪೀಕರ್ ಹಾಕಿದ್ದಳು. ಪಕ್ಕದಲ್ಲೇ ಮಾಸ್ತಮ್ಮ. “ಸಾರ್, ಹಂಗಾದ್ರೆ ನಂದು...”

ಕಟ್ ಮಾಡಿದ್ದು ನಾನೇ. ಮತ್ತೆ ರಿಂಗ್ ಆಗುತ್ತಿದೆ. ಈ ಸಲ ಮಾಸ್ತಮ್ಮನದೇ ನಂಬರ್. ಎತ್ತಿ ಏನೆಂದು ಹೇಳಲಿ?