ಗ್ರಂಥಾಲಯದ ಹಿಂದಿನ ಹಳೇ ಚಾರ್ಜರಿಗೆ ಸೊನ್ನೆ ಹಾಕಿದವರಿಗೆ

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಮುಖ್ಯಾಧಿಕಾರಿಗಳೇ,

ಗ್ರಂಥಾಲಯದ ಹಿಂದಿನ ಬೀದಿಯಲ್ಲಿರುವ ಹಳೇ ಚಾರ್ಜರನ್ನು ಇದೇ ಇಪ್ಪತ್ತನೇ ತಾರೀಖು ಕಿತ್ತುಹಾಕುವುದಾಗಿ ತಾವು ಅದರ ಹಣೆಗೇ ನೋಟಿಸು ಅಂಟಿಸಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: 'ಮೂರು ದಿನಗಳ ಸ್ಥಳ ಸಮೀಕ್ಷೆಯಲ್ಲಿ ಕಂಡುಬಂದ ಬಳಕೆದಾರರು: ಸೊನ್ನೆ.' ಆ ಸೊನ್ನೆಯೊಳಗೆ ನಾವು ಹನ್ನೊಂದು ಜನ ಇದ್ದೇವೆ ಸ್ವಾಮಿ. ಅದರಲ್ಲೊಬ್ಬಳು ನಾನು. ನಾನು ಡ್ರೈವಿಂಗ್ ಕಲಿಸುವವಳು. ನನ್ನ ಸ್ಕೂಲಿಗೆ ಇರುವುದು ಒಂದೇ ಕಾರು, ಒಬ್ಬಳೇ ಮೇಷ್ಟರು. ಆ ಕಾರಿಗೆ ನನ್ನ ಕಡೆಯೂ ಒಂದು ಬ್ರೇಕ್ ಇದೆ. ನಿಮ್ಮ ಇಲಾಖೆಗೂ ಅಂಥದ್ದೊಂದು ಬ್ರೇಕ್ ಇದ್ದು ಅದು ನನ್ನ ಕಾಲ ಕೆಳಗಿದ್ದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಈ ಕಾರು ಕೊಂಡಾಗ ಕಂಪನಿಯವರು ಪೆಟ್ರೋಲಿಗೆ ಶ್ರದ್ಧಾಂಜಲಿಯನ್ನೇ ಅರ್ಪಿಸಿದ್ದರು. ಇನ್ನು ಮುಂದೆ ನಮ್ಮದೆಲ್ಲ ಬ್ಯಾಟರಿಯೇ ಎಂದು ಆಣೆ ಮಾಡುವುದೊಂದು ಬಾಕಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಜ್ಞಾನೋದಯವಾಗಿ, ಅರ್ಧ ಬ್ಯಾಟರಿ ಅರ್ಧ ಪೆಟ್ರೋಲ್ ಇರುವ ಹೈಬ್ರಿಡ್ಡೇ ಭವಿಷ್ಯ ಎಂದರು. ಈ ವರ್ಷ ಸತ್ತ ಪೆಟ್ರೋಲ್ ಇಂಜಿನ್ನೇ 'ಹೊಸ ತಲೆಮಾರಿನದು' ಎಂಬ ಹೆಸರಲ್ಲಿ ಎದ್ದು ಬಂದಿದೆ. ಇದರ ನಡುವೆ ಎಲ್ಲ ಕಂಪನಿಗಳೂ ಕೂತು ಮಾತಾಡಿ ಹೊಸ ನಮೂನೆಯ ಪ್ಲಗ್ ಒಂದನ್ನು ಒಪ್ಪಿಕೊಂಡವಂತೆ, ತಾವೂ ಊರೆಲ್ಲ ಅದೇ ಪ್ಲಗ್ಗಿನ ಹೊಸ ಯಂತ್ರಗಳನ್ನು ನಿಲ್ಲಿಸಿದಿರಿ. ಒಳ್ಳೆಯದೇ. ಆದರೆ ಅವರು ಒಪ್ಪಿಕೊಂಡದ್ದು ನನ್ನ ಕಾರಿಗೆ ಗೊತ್ತಾಗಬೇಕಲ್ಲ? ಅದರ ಮೂತಿಯಲ್ಲಿರುವ ತೂತಿಗೂ ನಿಮ್ಮ ಹೊಸ ಪ್ಲಗ್ಗಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಕಂಪನಿಗೆ ಫೋನ್ ಮಾಡಿದೆ. "ಅಡಾಪ್ಟರ್ ಏನಾದ್ರೂ ಸಿಗುತ್ತಾ?" ಅಂತ ಕೇಳಿದೆ.

"ನಮ್ಮಲ್ಲಿಲ್ಲ ಮೇಡಂ. ಹೊರಗಿಂದು ಹಾಕಿದ್ರೆ ವಾರಂಟಿ ಹೋಗುತ್ತೆ."

"ವಾರಂಟಿ ಮುಗಿದು ಎರಡು ವರ್ಷ ಆಯ್ತಲ್ಲಪ್ಪ."

"ಹಾಗಾದ್ರೆ ಹೋಗೋಕೇನೂ ಇಲ್ಲ ಮೇಡಂ," ಎಂದ ಆ ಪುಣ್ಯಾತ್ಮ, ಬಹಳ ವಿನಯದಿಂದ. ಹೊರಗಿನದನ್ನೂ ತಂದು ನೋಡಿದೆ. ಪ್ಲಗ್ಗೇನೋ ಕೂತಿತು, ಆದರೆ ನಿಮ್ಮ ಹೊಸ ಯಂತ್ರ ನನ್ನ ಕಾರನ್ನು ಗುರುತೇ ಹಿಡಿಯದೆ ಕೆಂಪು ದೀಪ ತೋರಿಸಿ ಕೂತಿತು. ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ ಎಂದು ತಾವು ಸಲಹೆ ಕೊಡಬಹುದು. ನಾನಿರುವುದು ಮೂರನೇ ಮಹಡಿಯಲ್ಲಿ, ಕಾರಿರುವುದು ಬೀದಿಯಲ್ಲಿ. ಕಿಟಕಿಯಿಂದ ವೈರು ಇಳಿಬಿಟ್ಟರೆ ಅದಕ್ಕೂ ನೋಟಿಸು ಕೊಡುವವರು ನೀವೇ.

ಹೀಗಾಗಿ ನಮ್ಮಂಥವರಿಗೆಲ್ಲ ಗತಿ ಗ್ರಂಥಾಲಯದ ಹಿಂದಿನ ಆ ಒಂದೇ ಒಂದು ಹಳೇ ಯಂತ್ರ. ಅಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂದು ತಾವು ಒಮ್ಮೆ ನೋಡಬೇಕಿತ್ತು. ಕಂಬಿಗೊಂದು ಸ್ಲೇಟು ಕಟ್ಟಿದ್ದೇವೆ. ಬಂದವರು ತಮ್ಮ ಹೆಸರು, ಸರದಿಯ ಹೊತ್ತು ಬರೆದು ಹೋಗುತ್ತಾರೆ. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ತನ್ನದು ಮುಗಿದವನು ಕೇಬಲ್ ಬಿಸಾಕಿ ಹೋಗುವಂತಿಲ್ಲ, ಮುಂದಿನ ಗಾಡಿಗೆ ಚುಚ್ಚಿಯೇ ಹೋಗಬೇಕು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಕ್ಕ ಬಂದರೆ ಸ್ಲೇಟಿನಲ್ಲಿ ಯಾರ ಹೆಸರಿದ್ದರೂ ಮೊದಲ ಸರದಿ ಅವಳದು. ನಮ್ಮಲ್ಲೊಬ್ಬನಾದ ಬೇಕರಿಯವನು ಇದಕ್ಕೆ ಒಮ್ಮೆ ಕೂಡ ಗೊಣಗಿದ್ದಿಲ್ಲ. ಗೊಣಗಿದ್ದರೂ ಬಾಯಿತುಂಬ ಬನ್ನು ಇದ್ದದ್ದರಿಂದ ನಮಗೆ ಕೇಳಿಸಿಲ್ಲ.

ಈಗ ಸೊನ್ನೆಯ ಕಥೆಗೆ ಬರುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಕಳೆದ ತಿಂಗಳು ನಿಮ್ಮ ಕಚೇರಿಯಿಂದ ಕಾಗದ ಬಂತು: ಸೋಮವಾರದಿಂದ ಬುಧವಾರದವರೆಗೆ ತಪಾಸಣೆ, ಸಾರ್ವಜನಿಕರು ಸಹಕರಿಸಬೇಕು. ಪರೀಕ್ಷಕರ ಮುಂದೆ ಎಲ್ಲ ಚೊಕ್ಕವಾಗಿರಬೇಕು ಎಂದು ಇಪ್ಪತ್ತು ವರ್ಷದಿಂದ ಶಿಷ್ಯರ ತಲೆಗೆ ತುಂಬುತ್ತಾ ಬಂದವಳು ನಾನು. ಎಲ್ಲರಿಗೂ ನಾನೇ ಮೆಸೇಜು ಕಳಿಸಿದೆ: 'ಭಾನುವಾರವೇ ಚಾರ್ಜ್ ತುಂಬಿಸಿಕೊಳ್ಳಿ. ಮೂರು ದಿನ ಆ ಕಡೆ ಯಾರೂ ಗಾಡಿ ತರಬೇಡಿ. ಸಾಹೇಬರಿಗೆ ಅಡ್ಡಿಯಾಗಬಾರದು.' ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಜಾಗ ಗುಡಿಸಿದೆವು. ಯಂತ್ರದ ಮೈ, ಪಕ್ಕದ ಬೆಂಚು ಎಲ್ಲ ಒರೆಸಿದೆವು. ಸ್ಲೇಟಿನ ಮೇಲಿದ್ದ ಹೆಸರನ್ನೆಲ್ಲ ನಾನೇ ಒದ್ದೆ ಬಟ್ಟೆಯಿಂದ ಉಜ್ಜಿ ಅಳಿಸಿದೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡದ್ದು ಸಾಲದೆಂದು ಆ ಕಲ್ಲನ್ನು ತೊಳೆದು ಬೇರೆ ಹಾಕಿಕೊಂಡೆವು.

ಬುಧವಾರದ ಹೊತ್ತಿಗೆ ನರ್ಸಕ್ಕನ ಗಾಡಿ ಉಸಿರು ಬಿಟ್ಟಿತ್ತು. ಆದರೂ ಅವಳು ಚಾರ್ಜರ್ ಕಡೆ ಸುಳಿಯಲಿಲ್ಲ. ಔಷಧದ ಚೀಲ ಹೆಗಲಿಗೇರಿಸಿಕೊಂಡು ನಡೆದೇ ಹೋದಳು. ನಿಮ್ಮ ಸಮೀಕ್ಷಕರು ಮಾತ್ರ ನಾವು ಒರೆಸಿಟ್ಟ ಬೆಂಚಿನ ಮೇಲೆ ಮೂರು ದಿನವೂ ಹಾಯಾಗಿ ಕೂತಿದ್ದರು. ಕೊನೆಯ ದಿನ ನಾನು ಮಾತಾಡಿಸಲು ಹೋದೆ.

"ಎಷ್ಟು ನೀಟಾಗಿ ಇಟ್ಟಿದ್ದೀರಿ! ಇಲ್ಲಿ ಯಾರೂ ಬರಲ್ವಾ?" ಎಂದು ಕೇಳಿದರು.

"ಬರ್ತಾರೆ ಸಾರ್, ದಿನಾ ಬರ್ತಾರೆ. ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ ಮೂರು ದಿನ ಯಾರೂ ಬಂದಿಲ್ಲ," ಎಂದೆ, ಎದೆಯುಬ್ಬಿಸಿ.

ಅವರು ನಕ್ಕರು. ನಾನೂ ನಕ್ಕೆ. ಅವರು ಬರೆದುಕೊಂಡರು. ಏನು ಬರೆದರು ಎಂದು ನಮಗೆ ಗೊತ್ತಾದದ್ದು ನೋಟಿಸು ಬಂದ ಮೇಲೆ.

ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು ಎಂಬುದು ನಿಯಮವಿರಬಹುದು. ಕಿವಿಗೆ ಬಿದ್ದದ್ದನ್ನು ಬರೆಯಲು ಆ ನಮೂನೆಯಲ್ಲಿ ಒಂದು ಗೆರೆಯೂ ಇರಲಿಲ್ಲವೇ? ಹೋಗಲಿ, ಆ ಯಂತ್ರದ ಹೊಟ್ಟೆಯಲ್ಲೇ ಮೀಟರ್ ಇದೆಯಲ್ಲ, ಅದನ್ನಾದರೂ ಓದಿ ಎಂದು ನಿಮ್ಮ ಕಚೇರಿಗೆ ಹೋಗಿ ಕೇಳಿದೆ. ಅದರ ಬೀಗದಕೈ ಹಿಂದಿನ ಗುತ್ತಿಗೆದಾರರ ಹತ್ತಿರ ಇದೆ ಎಂದರು. ಅವರು ಎಲ್ಲಿದ್ದಾರೆ? ಗೊತ್ತಿಲ್ಲ ಎಂದರು. ಬೀಗ ತೆಗೆಯಲಾಗದ ಯಂತ್ರವನ್ನು ಬುಡಸಮೇತ ಕೀಳಲು ಮಾತ್ರ ನಿಮ್ಮಲ್ಲಿ ಸಕಲ ಸಲಕರಣೆಯೂ ಇದೆ!

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ, ಯಾಕೆಂದರೆ ನನ್ನ ಸ್ವಭಾವವೇ ಹಾಗೆ. ಆದರೆ ಮೊನ್ನೆ ನರ್ಸಕ್ಕ ಆ ನೋಟಿಸಿನ ಮುಂದೆ ನಿಂತು, "ನೀನು ಒಳ್ಳೇದಕ್ಕೇ ಹೇಳಿದ್ದು ಬಿಡೇ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಇಪ್ಪತ್ತೊಂದನೇ ತಾರೀಖಿನಿಂದ ಯಾವ ರೋಗಿಯ ಮನೆಗೆ ನಡೆದು ಹೋಗಬಹುದು, ಯಾರಿಗೆ ಆಗುವುದಿಲ್ಲ ಎಂದು ಹೇಳಬೇಕು ಎಂಬ ಪಟ್ಟಿ ಅವಳ ಕೈಯಲ್ಲಿತ್ತು. ನನಗೆ ಅಳು ಬಂತು. ಉಳಿದ ಹತ್ತು ಜನರನ್ನೂ ಸ್ಲೇಟಿನಿಂದ ಅಳಿಸಿದ ಒದ್ದೆ ಬಟ್ಟೆ ನನ್ನದೇ.

ಆದ್ದರಿಂದ ಬೇಡಿಕೆ ಇಷ್ಟೇ. ಹೊಸ ಯಂತ್ರ ಎಷ್ಟು ಬೇಕಾದರೂ ನಿಲ್ಲಿಸಿ, ನಮ್ಮ ತಕರಾರಿಲ್ಲ. ಈ ಒಂದು ಹಳೆಯದನ್ನು ನಮ್ಮ ಗಾಡಿಗಳ ಆಯುಸ್ಸು ಮುಗಿಯುವವರೆಗೆ ಬಿಡಿ. ಇಪ್ಪತ್ತನೇ ತಾರೀಖಿಗೆ ಮೊದಲು, ಕಾಗದ ಕಳಿಸದೆ, ಹೇಳದೆ ಕೇಳದೆ ಒಂದು ದಿನ ಬಂದು ಎಣಿಸಿ. ಗುಡಿಸಿರುವುದಿಲ್ಲ, ಕೂರಲು ಬೆಂಚೂ ಖಾಲಿ ಇರುವುದಿಲ್ಲ, ಕ್ಷಮಿಸಿ. ಅದಕ್ಕೂ ಪುರುಸೊತ್ತಿಲ್ಲವಾದರೆ ವರದಿಯ ಆ ಸೊನ್ನೆಯ ಪಕ್ಕದಲ್ಲಿ ಒಂದೇ ಸಾಲು ಸೇರಿಸಿ ಸಹಿ ಹಾಕಿ: ಹನ್ನೊಂದು ಗಾಡಿಗಳಿದ್ದವು, ನಮಗೆ ಜಾಗ ಬಿಟ್ಟುಕೊಟ್ಟು ಹೋಗಿದ್ದವು.

ಇಂತಿ,
ತಮಗೆ ಅತಿಯಾಗಿ ಸಹಕರಿಸಿ ಕೆಟ್ಟ
ಡ್ರೈವಿಂಗ್ ಟೀಚರು