ಫೈಲಿನಲ್ಲಿರುವ ಫೋಟೋ

ಡಾಕ್ಟರಮ್ಮನವರಿಗೆ ನಮಸ್ಕಾರ.

ಹೋದ ತಿಂಗಳು ನೀವು ಮೆಳ್ಳೆಗಣ್ಣಿನ ಆಪರೇಷನ್ ಮಾಡಿದ ನಾಲ್ಕು ವರ್ಷದ ಹುಡುಗಿಯ ತಾಯಿ ನಾನು. ಅವಳ ಕಣ್ಣಿನ ಕೆಂಪು ಇಳಿದಿದೆ, ಎರಡೂ ಕಣ್ಣು ನೇರವಾಗಿ ನಿಂತಿವೆ. ನಾನು ಇಪ್ಪತ್ತು ವರ್ಷದಿಂದ ಟೈಲರ್. ಬೇರೆಯವರ ಹೊಲಿಗೆಯಲ್ಲಿ ಹುಳುಕು ಹುಡುಕುವುದು ನನ್ನ ಕೆಟ್ಟ ಚಾಳಿ. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಹುಡುಕಿದೆ; ನಿಮ್ಮ ಹೊಲಿಗೆ ಎಲ್ಲಿದೆಯೆಂದೇ ಗೊತ್ತಾಗಲಿಲ್ಲ. ಭೇಷ್ ಎಂದುಕೊಂಡೆ.

ಒಂದು ಕೋರಿಕೆ ಇದೆ. ನಿನ್ನೆ ಅವಳು, "ಅಮ್ಮಾ, ಮುಂಚೆ ನನ್ನ ಕಣ್ಣು ಹೇಗಿತ್ತು? ತೋರ್ಸು" ಎಂದಳು. ಮನೆಯ ಫೋಟೋಗಳನ್ನೆಲ್ಲ ಹರಡಿದೆ. ಒಂದರಲ್ಲೂ ಆ ಕಣ್ಣು ಕಾಣುವುದಿಲ್ಲ. ಕ್ಯಾಮೆರಾ ಕಂಡಾಗಲೆಲ್ಲ ಅವಳ ಗಲ್ಲ ಹಿಡಿದು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದವಳು ನಾನೇ. ಕೆಲವುಗಳಲ್ಲಿ ನನ್ನ ಬೆರಳೂ ಬಿದ್ದಿದೆ.

ಆಪರೇಷನ್ನಿಗೆ ಮೊದಲು ನೀವು ಫೋಟೋ ತೆಗೆಯುವಾಗಲೂ ನನ್ನ ಕೈ ಅವಳ ಗಲ್ಲಕ್ಕೆ ಹೋಯಿತು. "ಕೈ ತೆಗೀರಿ ಅಮ್ಮ, ಅವಳು ಹೀಗೇ ಚೆನ್ನಾಗಿದಾಳೆ" ಎಂದಿರಿ. ಅವಳು ನಿಮ್ಮನ್ನೇ ನೋಡಿ ನಕ್ಕಳು.

ಫೈಲಿನಲ್ಲಿರುವ ಆ ಫೋಟೋದ ಒಂದು ಪ್ರತಿ ಬೇಕು. ಸೋಮವಾರ ತಪಾಸಣೆಗೆ ಬಂದಾಗ ತೆಗೆದುಕೊಳ್ಳುತ್ತೇನೆ. ದೊಡ್ಡದೇ ಇರಲಿ, ಹೊಲಿಗೆ ಯಂತ್ರದ ಎದುರಿನ ಗೋಡೆ ಖಾಲಿ ಮಾಡಿಟ್ಟಿದ್ದೇನೆ.

ಇಂತಿ,
ನಿಮ್ಮ ಕೈಕೆಲಸಕ್ಕೆ ಸೋತ ಟೈಲರಮ್ಮ